ಗುರಿ ದೊಡ್ಡದಿದ್ದರೆ ನೀರಿನ ಲೆಕ್ಕ ಗಟ್ಟಿಯಿರಲಿ: ಸಾಸವಡದ ಕನ್ನಡಿಗರಿಗೆ 14 ಸೂತ್ರಗಳು

ಸಾಸವಡದ ಬಾಡಿಗೆ ರೂಮಿನಲ್ಲಿ ಕೂತು ಬ್ಯಾಂಕಿಂಗ್ ಪರೀಕ್ಷೆಗೆ ಓದುತ್ತಿದ್ದೀರಾ? ಬೆಳಗಾದರೆ ದಿವೇ ಘಾಟ್ ಇಳಿದು ಹಡಪಸರದ ಕಡೆ ಕೆಲಸಕ್ಕೆ ಓಡುತ್ತೀರಾ? ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯಿಂದ ಬಂದು ಪುರಂದರ ತಾಲ್ಲೂಕಿನಲ್ಲಿ ಬದುಕು ಕಟ್ಟಿಕೊಳ್ಳುತ್ತಿದ್ದೀರಾ? ಹಾಗಾದರೆ ಇದು ನಿಮಗೆ. ನೀವು ಟೈಮ್‌ಟೇಬಲ್ ಹಾಕಿಕೊಂಡಿದ್ದೀರಿ, ಮೊಬೈಲ್ ದೂರ ಇಟ್ಟಿದ್ದೀರಿ, ಇಂಗ್ಲಿಷ್ ಸುಧಾರಿಸಿಕೊಂಡಿದ್ದೀರಿ. ದಿನಕ್ಕೆ ಎರಡು ಮೂರು ಲೀಟರ್ ಮೈಯೊಳಗೆ ಹೋಗುವ ನೀರಿನ ವಿಷಯಕ್ಕೆ ಬಂದಾಗ ಮಾತ್ರ "ಎಲ್ಲರೂ ಕುಡೀತಾರೆ, ನನಗೇನಾಗುತ್ತೆ" ಅಂದುಬಿಡುತ್ತೀರಿ. ಆ ಮಾತನ್ನು ಇವತ್ತೇ ಬಿಡಿ. ನೀರಿನಲ್ಲಿ ಏನಿದೆ ಎಂದು ಗೊತ್ತಿರುವವರು ಅದಕ್ಕೆ ತಕ್ಕ ಉಪಾಯ ಮಾಡುತ್ತಾರೆ. ಗೊತ್ತಿಲ್ಲದವರು ದುಬಾರಿ ಮೆಷಿನ್ ಕೊಂಡೂ ಜ್ವರ ಬಂದು ಮಲಗುತ್ತಾರೆ.

1. ಕ್ಯಾಲೆಂಡರನ್ನು ಹಿಂದಕ್ಕೆ ಎಣಿಸಿ

ಪರೀಕ್ಷೆಯ ಮುನ್ನಾದಿನ ಬಿಸ್ಲೇರಿ ಬಾಟಲಿ ಕೊಂಡರೆ ಸಾಲದು. ಅಷ್ಟೊತ್ತಿಗೆ ತಡವಾಗಿರುತ್ತದೆ. ಕಾಲರಾ ಕೆಲವು ಗಂಟೆಗಳಿಂದ ಐದು ದಿನದೊಳಗೆ ತಲೆ ಎತ್ತುತ್ತದೆ. ಟೈಫಾಯಿಡ್ ಒಂದರಿಂದ ಮೂರು ವಾರ ತೆಗೆದುಕೊಳ್ಳಬಹುದು. ಕಾಮಾಲೆ ತರುವ ಹೆಪಟೈಟಿಸ್ ಎ ಎರಡರಿಂದ ನಾಲ್ಕು ವಾರ ಒಳಗೇ ಕೂತಿರುತ್ತದೆ. ಹೆಪಟೈಟಿಸ್ ಇ ಎರಡರಿಂದ ಹತ್ತು ವಾರದವರೆಗೂ ಕಾಯುತ್ತದೆ. ಅಂದರೆ ಮಾರ್ಚ್ ಪರೀಕ್ಷೆಯನ್ನು ಹಾಳುಮಾಡುವ ನೀರನ್ನು ನೀವು ಜನವರಿಯಲ್ಲೇ ಕುಡಿದಿರಬಹುದು. ಕಾಮಾಲೆ ಬಂದರೆ ವಾರಗಟ್ಟಲೆ ಪುಸ್ತಕ ಹಿಡಿಯುವ ಶಕ್ತಿ ಇರುವುದಿಲ್ಲ. ಆದ್ದರಿಂದ ಪರೀಕ್ಷೆ, ಇಂಟರ್‌ವ್ಯೂ, ಪ್ರಾಜೆಕ್ಟ್ ಡೆಡ್‌ಲೈನ್ ಯಾವುದೇ ಇರಲಿ, ಅದಕ್ಕೆ ಹತ್ತು ವಾರ ಮೊದಲೇ ನೀರಿನ ಶಿಸ್ತು ಶುರುಮಾಡಿ. ರಿವಿಜನ್ ಪ್ಲಾನ್‌ನ ಮೊದಲ ಸಾಲಿನಲ್ಲೇ ಇದನ್ನು ಬರೆಯಿರಿ.

2. "ಕೆಟ್ಟ ನೀರು" ಎನ್ನುವುದನ್ನು ನಿಲ್ಲಿಸಿ, ಹೆಸರು ಹಿಡಿದು ಹೇಳಿ

ನೀರಿನ ಮಾಲಿನ್ಯದಲ್ಲಿ ಎರಡು ಬಗೆ. ಮೊದಲನೆಯದು ಜೀವಾಣು: ಬ್ಯಾಕ್ಟೀರಿಯಾ, ವೈರಸ್, ಅಮೀಬಾ, ಜಿಯಾರ್ಡಿಯಾ. ಇವು ಬರುವುದು ಮಲದಿಂದ. ಒಡೆದ ಚರಂಡಿ, ಸೋರುವ ಪೈಪು, ಬಾವಿ ಪಕ್ಕದ ಶೌಚಗುಂಡಿ ಇವುಗಳ ದಾರಿ. ಎರಡನೆಯದು ಕರಗಿದ ರಾಸಾಯನಿಕ: ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್, ಸೀಸ. ಇವುಗಳಲ್ಲಿ ಕೆಲವು ಕಲ್ಲಿನಿಂದ, ಕೆಲವು ಹೊಲದ ಗೊಬ್ಬರದಿಂದ, ಕೆಲವು ಕಾರ್ಖಾನೆ ಮತ್ತು ಹಳೆಯ ಪೈಪುಗಳಿಂದ ಬರುತ್ತವೆ. ಜೀವಾಣು ಒಂದೇ ಲೋಟದಲ್ಲಿ ಮಲಗಿಸಬಲ್ಲದು. ಫ್ಲೋರೈಡ್, ಆರ್ಸೆನಿಕ್‌ನಂಥ ರಾಸಾಯನಿಕ ವರ್ಷಗಟ್ಟಲೆ ಕುಡಿದ ಮೇಲೆ ಮುಖ ತೋರಿಸುತ್ತದೆ. ಒಂದಕ್ಕೆ ಮಾಡುವ ಉಪಾಯ ಇನ್ನೊಂದಕ್ಕೆ ನಡೆಯುವುದಿಲ್ಲ. ಮುಂದಿನ ಸೂತ್ರಗಳೆಲ್ಲ ನಿಂತಿರುವುದು ಈ ಭೇದದ ಮೇಲೆ, ಇದನ್ನು ಚೆನ್ನಾಗಿ ಮನಸ್ಸಿಗೆ ತೆಗೆದುಕೊಳ್ಳಿ.

3. ಕಾಲ ಕೆಳಗಿನ ಕಲ್ಲನ್ನು ತಿಳಿದುಕೊಳ್ಳಿ

ಸಾಸವಡದ ಕೆಳಗಿರುವುದು ದಖನ್ ಲಾವಾದ ಕಪ್ಪು ಬಸಾಲ್ಟ್. ಇದು ನೀರಿಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೊಡುತ್ತದೆ. ಹಾಗಾಗಿ ನೀರು ಗಡಸು, ಸೋಪು ನೊರೆ ಬರುವುದಿಲ್ಲ, ಗೀಸರ್ ಕಾಯಿಲ್‌ಗೆ ಬಿಳಿ ಪದರ ಕಟ್ಟುತ್ತದೆ. ಇಲ್ಲಿನ ತೆರೆದ ಬಾವಿಗಳ ನೀರು ಮೇಲ್ಪದರದ ಸವಕಲು ಕಲ್ಲು, ಬಿರುಕುಗಳಲ್ಲಿ ನಿಂತಿರುತ್ತದೆ. ಮೇಲೆ ಏನು ಚೆಲ್ಲಿದರೂ ಬೇಗ ಕೆಳಗಿಳಿಯುತ್ತದೆ. ಇನ್ನೊಂದು ಸಂಗತಿಯೂ ಗಮನದಲ್ಲಿರಲಿ: ಪುರಂದರ ಉಪಸಾ ಸಿಂಚನ ಯೋಜನೆ ಮುಳಾ-ಮುಠಾ ನದಿಯ ನೀರನ್ನು ಎತ್ತಿ ಈ ಬರಪೀಡಿತ ತಾಲ್ಲೂಕಿನ ಹೊಲಗಳಿಗೆ ತರುತ್ತದೆ. ಪುಣೆಯ ಕೊಳಚೆ ಸೇರುವ ನದಿ ಅದು. ಬೆಳೆಗೆ ಅದು ಜೀವಜಲ, ನಿಜ. ಆ ನೀರು ತುಂಬುವ ಕೆರೆ, ಕಾಲುವೆಯ ಪಕ್ಕದ ಬಾವಿಯಿಂದ ಕುಡಿಯುವವರು ಮಾತ್ರ ನೈಟ್ರೇಟ್ ಮತ್ತು ಬ್ಯಾಕ್ಟೀರಿಯಾ ಎರಡನ್ನೂ ಪರೀಕ್ಷೆ ಮಾಡಿಸಲೇಬೇಕು.

ನಿಮ್ಮ ಸ್ವಂತ ಊರಿನ ಕಲ್ಲು ಬೇರೆ ಇರಬಹುದು. ಪಾವಗಡ, ಬಾಗೇಪಲ್ಲಿ ಕಡೆ ಗ್ರಾನೈಟ್, ನೈಸ್ ಶಿಲೆಗಳ ಆಳದ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಹೆಚ್ಚು. ಗದಗದ ಮುಂಡರಗಿಯಲ್ಲೂ ಇದೇ ಸಮಸ್ಯೆ. ಹಲ್ಲು ಮೂಡುವ ವಯಸ್ಸಿನಲ್ಲಿ, ಅಂದರೆ ಎಂಟು ವರ್ಷದೊಳಗೆ, ಆ ನೀರು ಕುಡಿದ ಮಕ್ಕಳ ಹಲ್ಲಿನ ಮೇಲೆ ಹಳದಿ, ಕಂದು ಗೆರೆಗಳು ಶಾಶ್ವತವಾಗಿ ಉಳಿಯುತ್ತವೆ. ಹೆಚ್ಚಿನ ಪ್ರಮಾಣ ದಶಕಗಳ ಕಾಲ ಮೈಸೇರಿದರೆ ಮೂಳೆ, ಕೀಲು ಬಿಗಿಯುತ್ತವೆ, ಬೆನ್ನು ಬಾಗುತ್ತದೆ. ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಆರ್ಸೆನಿಕ್ ಸಿಕ್ಕಿತು. ಹಳೆಯ ಚಿನ್ನದ ಗಣಿ ಪ್ರದೇಶದ ಶಿಲೆ ಅದಕ್ಕೆ ಮೂಲ. ಅಂಗೈ, ಅಂಗಾಲು ಗಂಟುಗಟ್ಟುವುದು, ಚರ್ಮದ ಮೇಲೆ ಮಚ್ಚೆ ಬೀಳುವುದು ಅದರ ಗುರುತು. ದೀರ್ಘಕಾಲದಲ್ಲಿ ಕ್ಯಾನ್ಸರ್ ಅಪಾಯವೂ ಇದೆ. ರಜೆಗೆ ಊರಿಗೆ ಹೋದಾಗ ಅಪ್ಪ ಅಮ್ಮ ಕುಡಿಯುವ ಬೋರ್‌ವೆಲ್ ನೀರಿನ ಸ್ಯಾಂಪಲ್ ಟೆಸ್ಟ್ ಮಾಡಿಸಿ ಬನ್ನಿ. ಮೊದಲ ಸಂಬಳದಲ್ಲಿ ಸೀರೆ ತರುವಷ್ಟೇ ಪ್ರೀತಿಯ ಕೆಲಸ ಇದು.

4. ಸಿಂಹಗಡ ರಸ್ತೆಯನ್ನು ಕೇಸ್ ಸ್ಟಡಿಯಾಗಿ ಓದಿ

2025ರ ಜನವರಿ. ಪುಣೆಯ ಸಿಂಹಗಡ ರಸ್ತೆ, ಕಿರ್ಕಟವಾಡಿ, ನಾಂದೇಡ ಗಾಂವ, ಧಾಯರಿ ಸುತ್ತಮುತ್ತ ಜನರಿಗೆ ಕಾಲಿನ ಶಕ್ತಿ ಹೋಗತೊಡಗಿತು. ಕಾಯಿಲೆಯ ಹೆಸರು ಗಿಯಾನ್-ಬಾರೆ ಸಿಂಡ್ರೋಮ್, ಚಿಕ್ಕದಾಗಿ ಜಿಬಿಎಸ್. ಶಂಕಿತ ಪ್ರಕರಣಗಳು 200 ದಾಟಿದವು. ಹಲವರು ವೆಂಟಿಲೇಟರ್ ಮೇಲೆ ಮಲಗಿದರು, ಕೆಲವರು ತೀರಿಕೊಂಡರು. ರೋಗಿಗಳ ಮಲದ ಸ್ಯಾಂಪಲ್‌ಗಳಲ್ಲಿ ಕ್ಯಾಂಪೈಲೋಬ್ಯಾಕ್ಟರ್ ಜೆಜುನಿ ಎಂಬ ಬ್ಯಾಕ್ಟೀರಿಯಾ, ಕೆಲವರಲ್ಲಿ ನೋರೋವೈರಸ್ ಸಿಕ್ಕವು. ಸಂಶಯ ನೇರವಾಗಿ ಕಲುಷಿತ ನೀರಿನ ಕಡೆ ತಿರುಗಿತು.

ಇದು ನಡೆಯುವ ರೀತಿ ತಿಳಿದುಕೊಳ್ಳಿ. ಮೊದಲು ಭೇದಿ ಬರುತ್ತದೆ, ಕೆಲವು ದಿನಗಳಲ್ಲಿ ನಿಲ್ಲುತ್ತದೆ. ನೀವು ಗೆದ್ದೆ ಅಂದುಕೊಳ್ಳುತ್ತೀರಿ. ಈ ಬ್ಯಾಕ್ಟೀರಿಯಾದ ಹೊರಮೈಯ ಕೆಲವು ಅಣುಗಳು ನಮ್ಮ ನರಗಳ ಮೇಲಿನ ಅಣುಗಳನ್ನೇ ಹೋಲುತ್ತವೆ. ಬ್ಯಾಕ್ಟೀರಿಯಾ ವಿರುದ್ಧ ಎದ್ದ ರೋಗನಿರೋಧಕ ಪಡೆ ತನ್ನದೇ ನರಗಳ ಮೇಲೆ ತಿರುಗಿ ಬೀಳುತ್ತದೆ. ಒಂದರಿಂದ ಮೂರು ವಾರದಲ್ಲಿ ಕಾಲಲ್ಲಿ ಜುಮ್ಮು, ನಿತ್ರಾಣ ಶುರುವಾಗಿ ಮೇಲಕ್ಕೆ ಹತ್ತುತ್ತದೆ. ಕ್ಯಾಂಪೈಲೋಬ್ಯಾಕ್ಟರ್ ತಗುಲಿದವರಲ್ಲಿ ಜಿಬಿಎಸ್ ಆಗುವುದು ತೀರಾ ಅಪರೂಪ. ಹಾಗಿದ್ದೂ ಇಷ್ಟು ಪ್ರಕರಣ ಬಂದವೆಂದರೆ ಎಷ್ಟು ಜನರ ಹೊಟ್ಟೆಗೆ ಆ ನೀರು ಹೋಗಿರಬೇಕು, ಯೋಚಿಸಿ.

ಈ ಪ್ರಕರಣದ ಇನ್ನೊಂದು ಮುಖ ಹೆಚ್ಚು ಮುಖ್ಯ. ಆ ಭಾಗದ ಖಾಸಗಿ ಆರ್‌ಓ ಘಟಕಗಳ ನೀರಲ್ಲೂ ಮಾಲಿನ್ಯ ಕಂಡುಬಂದು, ಮಹಾನಗರ ಪಾಲಿಕೆ ಹಲವು ಘಟಕಗಳಿಗೆ ಬೀಗ ಹಾಕಿತು. "ನಮ್ಮದು ಆರ್‌ಓ ನೀರು" ಎಂಬ ಒಂದೇ ಮಾತಿನ ಮೇಲೆ ಭರವಸೆ ಇಡಬೇಡಿ.

5. ಮೊದಲು ಟೆಸ್ಟ್, ಆಮೇಲೆ ಮೆಷಿನ್

ಸೇಲ್ಸ್‌ಮನ್ ಬಾಗಿಲು ತಟ್ಟುತ್ತಾನೆ. ನಿಮ್ಮ ನೀರಿಗೆ ಎರಡು ಕಡ್ಡಿ ಇಳಿಸಿ ಕರೆಂಟ್ ಹರಿಸುತ್ತಾನೆ. ನೀರು ಕಂದು ಗಸಿಯಾಗುತ್ತದೆ. ನೀವು ಗಾಬರಿಬಿದ್ದು ಚೆಕ್ ಬರೆಯುತ್ತೀರಿ. ಆ ಗಸಿ ಬಂದದ್ದು ಕಡ್ಡಿಯ ಕಬ್ಬಿಣದಿಂದ. ಲವಣವಿರುವ ಯಾವ ಒಳ್ಳೆಯ ನೀರೂ ಹಾಗೆಯೇ ಆಗುತ್ತದೆ. ಟಿಡಿಎಸ್ ಮೀಟರ್ ಕೂಡ ಕರಗಿದ ಲವಣದ ಒಟ್ಟು ಮೊತ್ತವನ್ನಷ್ಟೇ ಹೇಳುತ್ತದೆ. ಬ್ಯಾಕ್ಟೀರಿಯಾವನ್ನು ಅದು ಕಾಣುವುದಿಲ್ಲ. ಆರ್ಸೆನಿಕ್, ಸೀಸ ಅಪಾಯದ ಮಟ್ಟ ಮುಟ್ಟಿದರೂ ಅದರ ಮುಳ್ಳು ಅಲುಗುವುದಿಲ್ಲ.

ಭೂಜಲ ಸಮೀಕ್ಷೆ ನಡೆಸುವ ಮಹಾರಾಷ್ಟ್ರದ ಜಿಎಸ್‌ಡಿಎ ಸಂಸ್ಥೆಯ ಕೇಂದ್ರ ಕಚೇರಿ ಪುಣೆಯಲ್ಲೇ ಇದೆ. ಅದರ ಲ್ಯಾಬ್‌ಗಳಿವೆ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್ ಅಡಿಯಲ್ಲಿ ಸರ್ಕಾರಿ ನೀರಿನ ಲ್ಯಾಬ್‌ಗಳು ಸಾರ್ವಜನಿಕರಿಗೂ ಅಲ್ಪ ಶುಲ್ಕಕ್ಕೆ ತೆರೆದಿವೆ. ಹೋಗಿ ಕೇಳಿ. ಮಳೆಗಾಲಕ್ಕೆ ಮೊದಲು ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಬ್ಯಾಕ್ಟೀರಿಯಾ ಟೆಸ್ಟ್ ಮಾಡಿಸಿ. ರಾಸಾಯನಿಕ ಟೆಸ್ಟ್ ವರ್ಷಕ್ಕೊಮ್ಮೆ ಸಾಕು. "ಸರಿ ಇರಬಹುದೇನೋ" ಎಂದು ಪ್ರತಿ ಲೋಟಕ್ಕೂ ಯೋಚಿಸುವುದು ತಲೆಗೆ ಹೊರೆ. ರಿಪೋರ್ಟ್ ಕೈಗೆ ಬಂದರೆ ಆ ಹೊರೆ ಇಳಿಯುತ್ತದೆ.

6. ಸ್ಯಾಂಪಲ್ ಸರಿಯಾಗಿ ಹಿಡಿಯಿರಿ

ಬ್ಯಾಕ್ಟೀರಿಯಾ ಟೆಸ್ಟ್‌ಗೆ ಲ್ಯಾಬ್ ಕೊಡುವ ಸ್ಟರೈಲ್ ಬಾಟಲಿಯನ್ನೇ ಬಳಸಿ. ನಲ್ಲಿಯ ಬಾಯನ್ನು ಸ್ಪಿರಿಟ್‌ನಿಂದ ಒರೆಸಿ. ಎರಡು ಮೂರು ನಿಮಿಷ ನೀರು ಹರಿಯಬಿಡಿ. ಮುಚ್ಚಳದ ಒಳಭಾಗಕ್ಕೆ ಬೆರಳು ತಾಗಿಸಬೇಡಿ. ಐಸ್ ಇಟ್ಟ ಡಬ್ಬಿಯಲ್ಲಿ ಅದೇ ದಿನ ಲ್ಯಾಬ್‌ಗೆ ಮುಟ್ಟಿಸಿ. ಕೈ ಕೊಳೆ ಬಾಟಲಿಗೆ ಸೇರಿದರೆ ರಿಪೋರ್ಟ್ ನಿಮ್ಮ ಕೈಯದ್ದಾಗುತ್ತದೆ.

7. ಆರು ನಂಬರ್ ಬಾಯಿಪಾಠ ಮಾಡಿ

ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500, 2012ರದ್ದು. ಅದರಲ್ಲಿ ಇಷ್ಟು ನೆನಪಿರಲಿ. ಮಲದಿಂದ ಬರುವ ಇ. ಕೋಲಿ ಬ್ಯಾಕ್ಟೀರಿಯಾ: 100 ಮಿಲಿ ನೀರಿನಲ್ಲಿ ಒಂದೂ ಇರಬಾರದು. ನೈಟ್ರೇಟ್: ಲೀಟರಿಗೆ 45 ಮಿಲಿಗ್ರಾಂ, ಇದರಲ್ಲಿ ರಿಯಾಯಿತಿ ಇಲ್ಲ. ಫ್ಲೋರೈಡ್: 1, ಬೇರೆ ನೀರೇ ಇಲ್ಲದಿದ್ದರೆ 1.5. ಆರ್ಸೆನಿಕ್: 0.01. ಸೀಸ: ಅದೂ 0.01. ಟಿಡಿಎಸ್: 500 ಒಳ್ಳೆಯದು, ಬೇರೆ ದಾರಿ ಇಲ್ಲದಿದ್ದರೆ 2000ದವರೆಗೆ. ಈ ನಂಬರ್‌ಗಳು ಗೊತ್ತಿದ್ದರೆ ಲ್ಯಾಬ್ ರಿಪೋರ್ಟನ್ನು ಯಾರ ಸಹಾಯವೂ ಇಲ್ಲದೆ ಓದುತ್ತೀರಿ. ಸ್ಪರ್ಧಾತ್ಮಕ ಪರೀಕ್ಷೆಯ ಪರಿಸರ ಪತ್ರಿಕೆಗೂ ಉಪಯೋಗಕ್ಕೆ ಬರುತ್ತವೆ.

8. ಕುದಿಸಿ, ಆದರೆ ಯಾವುದಕ್ಕೆ ಎಂದು ತಿಳಿದು ಕುದಿಸಿ

ನೀರು ಕೊತಕೊತ ಕುದಿಯತೊಡಗಿದ ಮೇಲೆ ಇನ್ನೊಂದು ನಿಮಿಷ ಬಿಡಿ. ಸಾಸವಡದ ಎತ್ತರದಲ್ಲಿ ಅಷ್ಟು ಸಾಕು. ರೋಗ ತರುವ ಬ್ಯಾಕ್ಟೀರಿಯಾ, ವೈರಸ್, ಅಮೀಬಾ ಎಲ್ಲ ಸಾಯುತ್ತವೆ. ಹತ್ತು ಹದಿನೈದು ನಿಮಿಷ ಕುದಿಸಿ ಗ್ಯಾಸ್ ಸುಡಬೇಡಿ.

ಈಗ ಎಚ್ಚರಿಕೆ. ಕುದಿಸಿದರೆ ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅವುಗಳ ಸಾಂದ್ರತೆ ಹೆಚ್ಚುತ್ತದೆ. ಮನೆಯಲ್ಲಿ ಆರು ತಿಂಗಳೊಳಗಿನ ಬಾಟಲಿ ಹಾಲಿನ ಕೂಸಿದ್ದರೆ ಇದನ್ನು ಮರೆಯಲೇಬೇಡಿ. ಹೆಚ್ಚು ನೈಟ್ರೇಟ್ ಇರುವ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕೊಟ್ಟರೆ ಮಗುವಿನ ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳುತ್ತದೆ, ತುಟಿ ಉಗುರು ನೀಲಿಗಟ್ಟುತ್ತವೆ. ಅಮೆರಿಕದ ಅಯೋವಾದಲ್ಲಿ ಹಂಟರ್ ಕಾಮ್ಲಿ ಎಂಬ ವೈದ್ಯರು ಹೊಲಮನೆಗಳ ಬಾವಿ ನೀರಿಗೂ ಈ ನೀಲಿ ಕೂಸುಗಳಿಗೂ ಇರುವ ನಂಟನ್ನು ವರದಿ ಮಾಡಿದ್ದು 1945ರಲ್ಲಿ. ಇಂಥ ನೀರಿಗೆ ಆರ್‌ಓ ಬೇಕು, ಅಥವಾ ಬೇರೆ ಮೂಲದ ನೀರು ಬೇಕು.

9. ಯಾವ ಸಮಸ್ಯೆಗೆ ಯಾವ ಉಪಕರಣ, ನಿರ್ಧಾರ ನಿಮ್ಮದು

ಬ್ಯಾಕ್ಟೀರಿಯಾ ಮಾತ್ರ ಸಮಸ್ಯೆಯಾದರೆ ಕುದಿಸುವುದು, ಕ್ಲೋರಿನ್ ಅಥವಾ ಯುವಿ ಸಾಕು. ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್ ಇದ್ದರೆ ಆರ್‌ಓ. ಟಿಡಿಎಸ್ 500ರ ಒಳಗಿದ್ದು ರಾಸಾಯನಿಕ ರಿಪೋರ್ಟ್ ಸರಿಯಿದ್ದರೆ ಆರ್‌ಓ ಕೊಳ್ಳಬೇಡಿ. ಮನೆಬಳಕೆಯ ಆರ್‌ಓ ಒಂದು ಲೀಟರ್ ಕೊಡಲು ಸಾಮಾನ್ಯವಾಗಿ ಎರಡು ಮೂರು ಲೀಟರ್ ಹೊರಗೆ ಚೆಲ್ಲುತ್ತದೆ. ಬೇಸಿಗೆಯಲ್ಲಿ ಟ್ಯಾಂಕರ್ ದಾರಿ ಕಾಯುವ ತಾಲ್ಲೂಕಿನಲ್ಲಿ ಅದು ದುಬಾರಿ ತಪ್ಪು. ಅನಿವಾರ್ಯವಾದರೆ ಚೆಲ್ಲುವ ನೀರನ್ನು ಬಕೆಟ್‌ಗೆ ಹಿಡಿದು ನೆಲ ಒರೆಸಲು ಬಳಸಿ. ಫಿಲ್ಟರ್ ಬದಲಿಸುವ ತಾರೀಖನ್ನು ಮೊಬೈಲ್ ರಿಮೈಂಡರ್‌ಗೆ ಹಾಕಿ. ಅವಧಿ ಮುಗಿದ ಕಾರ್ಟ್ರಿಜ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ.

10. ಕ್ಲೋರಿನ್ ವಾಸನೆಗೆ ಮೂಗು ಮುರಿಯಬೇಡಿ

ಕೊನೆಯ ಮನೆಯ ನಲ್ಲಿಯಲ್ಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ದಾರಿಯಲ್ಲಿ ಪೈಪು ಸೋರಿ ಕೊಳಚೆ ಸೇರಿದರೂ ಎದುರಿಸಲು ಆ ಉಳಿಕೆ ಬೇಕು. ಮಹಾರಾಷ್ಟ್ರದ ಹಳ್ಳಿಗಳಲ್ಲಿ ಆರೋಗ್ಯ ಸಿಬ್ಬಂದಿ ಬ್ಲೀಚಿಂಗ್ ಪೌಡರನ್ನು ಟಿಸಿಎಲ್ ಎನ್ನುತ್ತಾರೆ, ಉಳಿದ ಕ್ಲೋರಿನ್ ನೋಡುವುದನ್ನು ಓಟಿ ಟೆಸ್ಟ್ ಎನ್ನುತ್ತಾರೆ. ಈ ಎರಡು ಶಬ್ದ ಕಲಿತು ಧೈರ್ಯವಾಗಿ ಕೇಳಿ: "ಇವತ್ತು ಓಟಿ ಪಾಸಿಟಿವ್ ಇದೆಯಾ?" ಕ್ಲೋರಿನ್ ಹಾಕಿದ ಮೇಲೆ ಅರ್ಧ ಗಂಟೆ ಕಾಯಿರಿ, ಅಷ್ಟು ಹೊತ್ತು ಬೇಕು ಅದಕ್ಕೆ. ಕಲಕು ನೀರಿನಲ್ಲಿ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಮೊದಲು ಪಟಿಕ ಆಡಿಸಿ, ಗಸಿ ಕೂತ ಮೇಲೆ ತಿಳಿ ಬಸಿದುಕೊಳ್ಳಿ.

ನಲ್ಲಿ ನೀರಿನ ಶುದ್ಧತೆಯನ್ನು ಹಗುರವಾಗಿ ತೆಗೆದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. 2022ರಲ್ಲಿ ರಾಯಚೂರು ನಗರದಲ್ಲಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ನಲ್ಲಿ ನೀರು ಕುಡಿದವರು ವಾಂತಿ ಭೇದಿಯಿಂದ ಆಸ್ಪತ್ರೆ ತುಂಬಿದರು, ಹಲವರು ಪ್ರಾಣ ಕಳೆದುಕೊಂಡರು. ಅವರೆಲ್ಲ ನಮ್ಮ ನಿಮ್ಮಂತೆ ನಲ್ಲಿಯನ್ನು ನಂಬಿ ಕೊಡ ಹಿಡಿದವರು.

11. ಟ್ಯಾಂಕರ್‌ಗೂ ಜಾರ್‌ಗೂ ಇಂಟರ್‌ವ್ಯೂ ಮಾಡಿ

ಟ್ಯಾಂಕರ್ ಬಂದರೆ ಕೇಳಿ: ಯಾವ ಬಾವಿ? ಟಿಸಿಎಲ್ ಹಾಕಿದ್ದೀರಾ? ಟ್ಯಾಂಕ್ ತೊಳೆದದ್ದು ಯಾವಾಗ? ಇಪ್ಪತ್ತು ಲೀಟರ್ ಜಾರ್ ತರಿಸುವವರು ಸೀಲ್ ಮತ್ತು ಐಎಸ್‌ಐ ಗುರುತು ನೋಡಿ. ತಣ್ಣಗಿದೆ ಎಂಬುದು ಶುದ್ಧತೆಗೆ ಸರ್ಟಿಫಿಕೇಟ್ ಆಗುವುದಿಲ್ಲ. ಪಿಜಿ ಅಥವಾ ಹಾಸ್ಟೆಲ್ ಸೇರುವಾಗ ವೈಫೈ ಸ್ಪೀಡ್ ಕೇಳುವ ಮೊದಲು ಮೇಲಿನ ಟ್ಯಾಂಕ್ ಹತ್ತಿ ಮುಚ್ಚಳ ಎತ್ತಿ ನೋಡಿ. ಕೇಳಲು ನಾಚಿಕೆಯಾದರೆ ನಾಲ್ಕು ಜನ ರೂಮ್‌ಮೇಟ್‌ಗಳು ಒಟ್ಟಿಗೆ ಹೋಗಿ ಕೇಳಿ.

12. ನಲ್ಲಿಯಿಂದ ಲೋಟದವರೆಗಿನ ದಾರಿ ಕಾಯಿರಿ

ಶುದ್ಧ ನೀರು ಮನೆಯೊಳಗೇ ಕೆಡುತ್ತದೆ. ಕೊಡದೊಳಗೆ ಲೋಟ ಅದ್ದುವ ಅಭ್ಯಾಸ ಬಿಡಿ. ಬೆರಳು ಮುಳುಗಿದರೆ ಟೆಸ್ಟ್, ಫಿಲ್ಟರ್ ಎಲ್ಲ ವ್ಯರ್ಥ. ಉದ್ದ ಹಿಡಿಯ ಸೌಟು ಅಥವಾ ನಲ್ಲಿಯಿರುವ ಪಾತ್ರೆ ಇಡಿ. ಮುಚ್ಚಳ ಮುಚ್ಚಿ. ಆಫೀಸ್ ಬಾಟಲಿಯನ್ನು ದಿನವೂ ಸೋಪು ಹಾಕಿ ತೊಳೆಯಿರಿ. ಹಳೆಯ ಕಟ್ಟಡದಲ್ಲಿದ್ದರೆ ಬೆಳಿಗ್ಗೆ ಮೊದಲ ನೀರನ್ನು ಬಟ್ಟೆ ತೊಳೆಯಲು ಹಿಡಿದಿಡಿ, ಆಮೇಲಿನದನ್ನು ಕುಡಿಯಿರಿ. ರಾತ್ರಿಯಿಡೀ ಹಳೆಯ ಪೈಪು, ಹಿತ್ತಾಳೆ ಫಿಟ್ಟಿಂಗ್‌ಗಳಲ್ಲಿ ನಿಂತ ನೀರಿಗೆ ಸೀಸ ಇಳಿದಿರಬಹುದು. ಮಕ್ಕಳ ಮಿದುಳಿಗೆ ಸೀಸದಲ್ಲಿ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ. ಗಡಸು ನೀರಿಗೆ ಮಾತ್ರ ಹೆದರಬೇಡಿ. ಅದರಿಂದಲೇ ಕಿಡ್ನಿ ಸ್ಟೋನ್ ಎಂಬ ಮಾತಿಗೆ ಗಟ್ಟಿ ಪುರಾವೆ ಇಲ್ಲ. ಎಸಿ ಆಫೀಸಿನಲ್ಲಿ ಬಾಯಾರಿಕೆ ಮರೆತು ಕೂರುವುದು ಕಲ್ಲಿಗೆ ಹೆಚ್ಚು ದಾರಿ ಮಾಡಿಕೊಡುತ್ತದೆ. ನೀರು ಕುಡಿಯಿರಿ.

13. ಜನ ಸೇರುವ ದಿನಗಳನ್ನು ಗುರುತು ಹಾಕಿಕೊಳ್ಳಿ, ಹಕ್ಕನ್ನು ಬರವಣಿಗೆಯಲ್ಲಿ ಕೇಳಿ

ಆಷಾಢದ ಪಾದಯಾತ್ರೆಯಾದ ವಾರಿಯಲ್ಲಿ ಜ್ಞಾನೇಶ್ವರ ಮಹಾರಾಜರ ಪಾಲಖಿ ಸಾಸವಡದಲ್ಲಿ ತಂಗುತ್ತದೆ. ಸೋಪಾನದೇವರ ಸಮಾಧಿಯಿರುವ, ಕರ್ಹಾ ದಂಡೆಯ ಈ ಪಟ್ಟಣಕ್ಕೆ ಲಕ್ಷಾಂತರ ವಾರಕರಿಗಳು ಬರುತ್ತಾರೆ. ಹತ್ತಿರದ ಜೇಜೂರಿಯ ಖಂಡೋಬನಿಗೆ, ನಮ್ಮವರ ಮೈಲಾರಲಿಂಗನಿಗೆ, ಕರ್ನಾಟಕದಿಂದಲೂ ಭಕ್ತರು ಬರುತ್ತಾರೆ. ಮಳೆ, ಜನಸಂದಣಿ ಒಟ್ಟಿಗೆ ಬರುವ ಆ ವಾರಗಳಲ್ಲಿ ಕುದಿಸಿದ ನೀರೇ ಕುಡಿಯಿರಿ. ಊರಿನಿಂದ ಬಂದ ನೆಂಟರಿಗೂ ಬಾಟಲಿ ತುಂಬಿ ಕೊಡಿ. ರಸ್ತೆಬದಿಯ ಐಸ್ ಬೇಡವೆನ್ನಿ. ಮಂಜುಗಡ್ಡೆಯಲ್ಲಿ ರೋಗಾಣು ಸಾಯುತ್ತದೆ ಎಂಬುದು ತಪ್ಪು ತಿಳಿವಳಿಕೆ.

ಮಹಾರಾಷ್ಟ್ರದಲ್ಲಿ ನೀರಿನ ಮೂಲಗಳ ಸ್ವಚ್ಛತೆ ಪರಿಶೀಲಿಸಿ ಗ್ರಾಮ ಪಂಚಾಯತಿಗೆ ಕೆಂಪು, ಹಳದಿ, ಹಸಿರು ಕಾರ್ಡ್ ಕೊಡುವ ಪದ್ಧತಿ ಇದೆ. ಸುತ್ತಲಿನ ಹಳ್ಳಿಯಲ್ಲಿದ್ದರೆ ನಿಮ್ಮ ಊರಿನ ಕಾರ್ಡ್ ಬಣ್ಣ ಕೇಳಿ. ಪಟ್ಟಣದಲ್ಲಿದ್ದರೆ ಸೋರಿಕೆಯ ಫೋಟೊ, ತಾರೀಖು, ಜಾಗ ಹಾಕಿ ಸಾಸವಡ ನಗರಪರಿಷದ್‌ಗೆ ಮರಾಠಿಯಲ್ಲಿ ಅರ್ಜಿ ಬರೆದು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಮರಾಠಿ ಬರೆಯಲು ಬಾರದಿದ್ದರೆ ಪಕ್ಕದ ಮನೆಯವರನ್ನು ಕೇಳಿ, ಅವರದ್ದೂ ಅದೇ ಪೈಪು. "ಹೊರಗಿನಿಂದ ಬಂದವರು, ನಮಗ್ಯಾಕೆ" ಎಂಬ ಸಂಕೋಚ ಬಿಡಿ. ಬಾಡಿಗೆ ಕೊಟ್ಟು ಬದುಕುವವರಿಗೂ ನೀರಿನ ಮೇಲೆ ಪೂರ್ತಿ ಹಕ್ಕಿದೆ.

14. ಓಆರ್‌ಎಸ್ ಪ್ಯಾಕೆಟ್ ಮನೆಯಲ್ಲಿರಲಿ, ಆಸ್ಪತ್ರೆಗೆ ಹೋಗುವ ಗೆರೆ ತಿಳಿದಿರಲಿ

1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಾಲನಬಿಸ್ ಡ್ರಿಪ್ ಬಾಟಲಿ ಮುಗಿದ ಮೇಲೆ ಉಪ್ಪು-ಗ್ಲೂಕೋಸ್ ದ್ರಾವಣವನ್ನು, ಅಂದರೆ ಓಆರ್‌ಎಸ್ ಅನ್ನು, ಡ್ರಮ್‌ಗಳಲ್ಲಿ ತುಂಬಿ ಕುಡಿಸಿದರು. ನೂರಕ್ಕೆ 30ರ ಆಸುಪಾಸಿನಲ್ಲಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಪ್ಯಾಕೆಟ್ ಮೇಲೆ ಹೇಳಿದಷ್ಟೇ ಶುದ್ಧ ನೀರಿಗೆ ಕಲಸಿ. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಸಮ ಟೀ ಚಮಚ ಉಪ್ಪು. ಭೇದಿ ಶುರುವಾದ ಕ್ಷಣದಿಂದಲೇ ಗುಟುಕು ಗುಟುಕಾಗಿ ಕುಡಿಯಿರಿ. ಮೆಡಿಕಲ್ ಶಾಪಿನಿಂದ ನೀವೇ ಆಂಟಿಬಯೋಟಿಕ್ ತಂದು ನುಂಗಬೇಡಿ.

ಭೇದಿಯಲ್ಲಿ ರಕ್ತ, ಆರೇಳು ಗಂಟೆ ಮೂತ್ರ ಬಾರದಿರುವುದು, ಕಣ್ಣು ಗುಳಿಬೀಳುವುದು, ಕಣ್ಣು ಹಳದಿಯಾಗುವುದು, ಮೂರು ದಿನ ಬಿಡದ ಜ್ವರ ಕಂಡರೆ ಡಾಕ್ಟರ್ ಹತ್ತಿರ ಹೋಗಿ. ಗರ್ಭಿಣಿಗೆ ಕಾಮಾಲೆ ಕಂಡರೆ ಒಂದು ಗಂಟೆಯೂ ಕಾಯಬೇಡಿ. ಏಳನೇ ತಿಂಗಳ ನಂತರ ಹೆಪಟೈಟಿಸ್ ಇ ಜೀವಕ್ಕೇ ಎರವಾಗಬಲ್ಲದು. ಭೇದಿ ನಿಂತು ವಾರವೋ ಎರಡು ವಾರವೋ ಆದ ಮೇಲೆ ಪಾದದಲ್ಲಿ ಜುಮ್ಮು, ಮೆಟ್ಟಿಲು ಹತ್ತಲಾಗದ ನಿತ್ರಾಣ, ಎರಡೂ ಕಾಲುಗಳಲ್ಲಿ ಸೋಲು ಕಂಡರೆ ಅದೇ ದಿನ ನ್ಯೂರಾಲಜಿಸ್ಟ್ ಇರುವ ಆಸ್ಪತ್ರೆ ಸೇರಿ. ಜಿಬಿಎಸ್‌ಗೆ ಕೊಡುವ ಐವಿಐಜಿ (ರಕ್ತನಾಳದ ಮೂಲಕ ಕೊಡುವ ಪ್ರತಿಕಾಯಗಳು) ಅಥವಾ ಪ್ಲಾಸ್ಮಾ ಬದಲಾವಣೆಯ ಚಿಕಿತ್ಸೆ ಮೊದಲ ಎರಡು ವಾರದೊಳಗೆ ಶುರುವಾದರೆ ಹೆಚ್ಚು ಫಲ ಕೊಡುತ್ತದೆ. ಸಾಸವಡದಿಂದ ದೊಡ್ಡ ಆಸ್ಪತ್ರೆಗೆ ಹೋಗಲು ದಿವೇ ಘಾಟ್ ಇಳಿಯಬೇಕು, ಸಂಜೆಯ ಟ್ರಾಫಿಕ್‌ನಲ್ಲಿ ಸಮಯ ಹಿಡಿಯುತ್ತದೆ. ಉಸಿರಾಟ ಭಾರವಾದರೆ ಬೈಕ್, ರಿಕ್ಷಾ ಎಂದು ಹುಡುಕಬೇಡಿ, 108ಕ್ಕೆ ಕರೆ ಮಾಡಿ.